ಹೊಸ ಆಸ್ಪತ್ರೆ, ಪಳಗಿದ ಕೈ: ಊರೂರು ತಿರುಗಿ ಡ್ಯೂಟಿ ಮಾಡುವ ನರ್ಸ್‌ಗಳಿಗೆ ಮಾರ್ಗದರ್ಶಿ

ಮೂರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಎಂದು ಒಪ್ಪಂದದ ಮೇಲೆ ಆಸ್ಪತ್ರೆ ಬದಲಿಸುತ್ತ ದುಡಿಯುವ ನರ್ಸ್‌ಗಳಿಗೆ ಸಿಗುವ ಸಲಹೆಯಲ್ಲಿ ಮುಕ್ಕಾಲು ಪಾಲು ಪೆಟ್ಟಿಗೆಗೆ ಏನು ತುಂಬಬೇಕು ಅನ್ನುವುದರ ಬಗ್ಗೆಯೇ ಇರುತ್ತದೆ. ಬಟ್ಟೆಬರೆ ಎಲ್ಲಿ ಹೋದರೂ ಸಿಗುತ್ತದೆ. ಕಷ್ಟ ಕೊಡುವುದು ಕೈಗೆ ಅಂಟಿದ ಅಭ್ಯಾಸ. ಹಳೆಯ ವಾರ್ಡಿನಲ್ಲಿ ಕ್ರಾಶ್ ಕಾರ್ಟಿನ (ತುರ್ತು ಔಷಧ, ಸಲಕರಣೆಗಳ ಗಾಡಿ) ಎರಡನೇ ಡ್ರಾಯರ್ ಎಳೆದರೆ ಏನು ಸಿಗುತ್ತದೆಂದು ನಿಮ್ಮ ಕೈಗೆ ಗೊತ್ತು, ಕಣ್ಣು ನೋಡುವ ಮೊದಲೇ ಬೆರಳು ಅಲ್ಲಿರುತ್ತದೆ. ಹೊಸ ವಾರ್ಡಿನಲ್ಲಿ ಅದೇ ಡ್ರಾಯರಿನಲ್ಲಿ ಬೇರೇನೋ ಇರುತ್ತದೆ. ಅನುಭವ ಹೆಚ್ಚಿದಷ್ಟೂ ಕೈ ವೇಗವಾಗಿ ಓಡುತ್ತದೆ, ಹಾಗಾಗಿ ತಪ್ಪಿನ ಅಪಾಯ ಹೊಸಬರಿಗಿಂತ ಹಳಬರಿಗೇ ಕೆಲವೊಮ್ಮೆ ಹೆಚ್ಚು. ಕೆಳಗೆ ಬರೆದಿರುವುದರ ಬಹುಪಾಲು ಈ ಒಂದು ವಿಷಯದ ಸುತ್ತಲೇ ಇದೆ.

ಮೊದಲಿಗೇ ಒಂದು ಮಾತು. ಒಂದೇ ವಿಭಾಗದಲ್ಲಿ ಕನಿಷ್ಠ ಎರಡು ವರ್ಷ ಕಳೆಯದೆ ಈ ದಾರಿಗೆ ಬರಬೇಡಿ. ಒಪ್ಪಂದದ ನರ್ಸ್‌ಗೆ ಕಲಿಸಲು ಯಾರಿಗೂ ಸಮಯವಿರುವುದಿಲ್ಲ. ಒಂದೆರಡು ಶಿಫ್ಟ್ ಪರಿಚಯ ಮಾಡಿಸಿ ಪೂರ್ತಿ ರೋಗಿಗಳನ್ನು ಒಪ್ಪಿಸಿಬಿಡುತ್ತಾರೆ. ರೋಗಿಯ ಉಸಿರು ಕೆಡುತ್ತಿರುವುದು ಮಾನಿಟರ್ ಕೂಗುವ ಮೊದಲೇ ಮುಖ ನೋಡಿ ತಿಳಿಯುವಷ್ಟು ಪಳಗಿದ ಮೇಲೆ ಹೊರಡಿ.

ಹೆಜ್ಜೆ 1: ಮೂರು ತಿಂಗಳ ಮೊದಲೇ ಕಾಗದ, ಲಸಿಕೆ

ಒಪ್ಪಂದ ಕೈತಪ್ಪುವುದಕ್ಕೆ ಅತಿ ಸಾಮಾನ್ಯ ಕಾರಣ ಕಾಗದ ತಡವಾಗುವುದು. ಹೊಸ ರಾಜ್ಯದ ಅಥವಾ ದೇಶದ ನೋಂದಣಿಗೆ ನಿಮ್ಮ ಹಳೆಯ ನರ್ಸಿಂಗ್ ಕೌನ್ಸಿಲ್‌ನಿಂದ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ನೋಂದಣಿ ಚಾಲ್ತಿಯಲ್ಲಿದೆ, ನಿಮ್ಮ ಮೇಲೆ ದೂರಿಲ್ಲ ಎಂಬ ಪತ್ರ) ಬೇಕಾಗುತ್ತದೆ. ಇದನ್ನು ಹಲವು ಕಡೆ ನಿಮ್ಮ ಕೈಯಿಂದ ಪಡೆಯುವುದಿಲ್ಲ, ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ನೇರವಾಗಿ ಹೋಗಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಇದಕ್ಕೆ ಅವಧಿಯೂ ಇರುವುದರಿಂದ ಆರು ತಿಂಗಳ ಮೊದಲೇ ತರಿಸಿಟ್ಟುಕೊಂಡರೂ ಪ್ರಯೋಜನವಾಗದು.

ಎಲ್ಲ ಕಾಗದವನ್ನೂ ಒಂದೇ ಬಗೆಯಲ್ಲಿ ಸ್ಕ್ಯಾನ್ ಮಾಡಿ, ಕಡತದ ಹೆಸರಿನಲ್ಲೇ ಅವಧಿ ಮುಗಿಯುವ ದಿನ ಬರೆಯಿರಿ. ಪಾಸ್‌ಪೋರ್ಟ್, ನೋಂದಣಿ, ಜೀವರಕ್ಷಕ ತರಬೇತಿಯ ಕಾರ್ಡು, ಇವೆಲ್ಲದರ ಅವಧಿ ಒಪ್ಪಂದ ಮುಗಿಯುವ ದಿನವನ್ನು ದಾಟಬೇಕು. ತರಬೇತಿ ಕಾರ್ಡಿನ ಅವಧಿ ಸಾಮಾನ್ಯವಾಗಿ ಎರಡು ವರ್ಷ. ಅದು ಒಪ್ಪಂದದ ನಡುವೆ ಮುಗಿದರೆ ನಿಮ್ಮನ್ನು ಡ್ಯೂಟಿಯಿಂದ ಇಳಿಸುತ್ತಾರೆ, ಆ ದಿನಗಳ ಸಂಬಳ ಹೋಗುತ್ತದೆ. ಮೂಲ ಪ್ರಮಾಣಪತ್ರವನ್ನಾಗಲಿ ಪಾಸ್‌ಪೋರ್ಟನ್ನಾಗಲಿ ಆಸ್ಪತ್ರೆಗೆ ನಿಮ್ಮನ್ನು ಒದಗಿಸುವ ಏಜೆನ್ಸಿಯವರ ಬಳಿ ಬಿಟ್ಟು ಬರಬೇಡಿ. ತೋರಿಸಿ, ನಕಲು ಕೊಡಿ, ಮೂಲ ನಿಮ್ಮ ಬಳಿಯೇ ಇರಲಿ. ಕೆಲಸ ಕೊಡಿಸುವುದಕ್ಕೆ ನಿಮ್ಮಿಂದಲೇ ಶುಲ್ಕ ಕೇಳುವ ಏಜೆನ್ಸಿಯ ಸಹವಾಸವೂ ಬೇಡ. ಶುಲ್ಕವನ್ನು ಕೆಲಸಗಾರರಿಂದ ವಸೂಲು ಮಾಡಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರ ತನ್ನ 181ನೇ ಒಡಂಬಡಿಕೆಯಲ್ಲೇ ಹೇಳಿದೆ.

ಲಸಿಕೆಯ ವಿಷಯದಲ್ಲಿ ದಿನಗಳ ಲೆಕ್ಕ ತಪ್ಪಿದರೆ ತಿಂಗಳೇ ಹಾಳು. ಹೆಪಟೈಟಿಸ್ ಬಿ ಲಸಿಕೆಯ ಸಾಮಾನ್ಯ ಕ್ರಮ 0, 1, 6 ತಿಂಗಳು, ಹಾಗಾಗಿ ಇದನ್ನು ಇನ್ನೂ ಶುರು ಮಾಡದವರಿಗೆ ಮೂರು ತಿಂಗಳು ಸಾಲದು. ಕೊನೆಯ ಡೋಸ್ ಆಗಿ ಒಂದರಿಂದ ಎರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಪರೀಕ್ಷೆ ಮಾಡಿಸಿ, ಪ್ರತಿ ಮಿಲಿಲೀಟರಿಗೆ 10 ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಇದೆ ಎಂದರ್ಥ. ಈ ವರದಿ ಜೀವನಪೂರ್ತಿ ಕೆಲಸಕ್ಕೆ ಬರುವ ಕಾಗದ, ಕಳೆಯಬೇಡಿ. ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಯ ಎರಡು ಡೋಸ್‌ಗಳ ನಡುವೆ ಕನಿಷ್ಠ 28 ದಿನ ಅಂತರವಿರಬೇಕು.

ಇಲ್ಲೊಂದು ಎಡವಟ್ಟು ಪದೇ ಪದೇ ಆಗುತ್ತದೆ. ದಡಾರದ ಲಸಿಕೆಯಂಥ ಜೀವಂತ ಲಸಿಕೆ ಹಾಕಿಸಿಕೊಂಡ ಮಾರನೆಯ ವಾರ ಕ್ಷಯದ ಚರ್ಮ ಪರೀಕ್ಷೆ ಮಾಡಿಸಿದರೆ ಫಲಿತಾಂಶ ಸುಳ್ಳುಸುಳ್ಳೇ ನೆಗೆಟಿವ್ ಬರಬಹುದು, ಆ ವರದಿಯನ್ನು ಆಸ್ಪತ್ರೆ ತಿರಸ್ಕರಿಸುತ್ತದೆ. ಎರಡನ್ನೂ ಒಂದೇ ದಿನ ಮಾಡಿಸಿ, ಇಲ್ಲವೇ ಲಸಿಕೆಯಾಗಿ ನಾಲ್ಕು ವಾರ ಕಾಯಿರಿ. ಚರ್ಮ ಪರೀಕ್ಷೆಯನ್ನು 48ರಿಂದ 72 ಗಂಟೆಯೊಳಗೆ ಓದಿಸಬೇಕು, ಶುಕ್ರವಾರ ಬೆಳಗ್ಗೆ ಚುಚ್ಚಿಸಿಕೊಂಡು ಸೋಮವಾರ ಸಂಜೆ ಹೋದರೆ ಮೊದಲಿಂದ ಶುರು. ಚಿಕ್ಕಂದಿನಲ್ಲಿ ಬಿಸಿಜಿ (ಕ್ಷಯದ ಲಸಿಕೆ) ಹಾಕಿಸಿಕೊಂಡವರಿಗೆ ಚರ್ಮ ಪರೀಕ್ಷೆ ಸುಳ್ಳು ಪಾಸಿಟಿವ್ ಬರುವ ಸಂಭವವಿರುವುದರಿಂದ ರಕ್ತದ ಪರೀಕ್ಷೆಯನ್ನೇ ಕೇಳಿ.

ಹೆಜ್ಜೆ 2: ಒಪ್ಪಂದವನ್ನು ಪೆನ್ಸಿಲ್ ಹಿಡಿದು ಓದಿ

ಫೋನಿನಲ್ಲಿ ಏಜೆನ್ಸಿಯವರು ಹೇಳಿದ್ದು, ಮೆಸೇಜಿನಲ್ಲಿ ಬರೆದದ್ದು, ಯಾವುದೂ ಒಪ್ಪಂದದಲ್ಲಿ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಹಬ್ಬಕ್ಕೆ ನಾಲ್ಕು ದಿನ ರಜೆ ಬೇಕಿದ್ದರೆ ಸಹಿ ಹಾಕುವ ಮೊದಲೇ ಆ ನಾಲ್ಕು ತಾರೀಕುಗಳನ್ನು ಒಪ್ಪಂದದೊಳಗೆ ಬರೆಸಿ. “ಅಲ್ಲಿ ಹೋಗಿ ಇನ್‌ಚಾರ್ಜ್ ಹತ್ತಿರ ಮಾತಾಡಿಕೊಳ್ಳಿ, ಕೊಟ್ಟೇ ಕೊಡ್ತಾರೆ” ಅನ್ನುವುದು ಮೂಗಿಗೆ ತುಪ್ಪ ಸವರುವ ಮಾತು.

ಮೊದಲು ಹುಡುಕಬೇಕಾದದ್ದು ಗ್ಯಾರಂಟಿ ಗಂಟೆಗಳ ಷರತ್ತು, ಅಂದರೆ ವಾರಕ್ಕೆ ಇಷ್ಟು ಗಂಟೆಯ ಸಂಬಳ ಖಚಿತ ಎಂಬ ಮಾತು. ಅಮೆರಿಕದಲ್ಲಿ ಇಂಥ ಒಪ್ಪಂದ ಸಾಮಾನ್ಯವಾಗಿ 13 ವಾರದ್ದು. ಅದನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. ವಾರಕ್ಕೆ 12 ಗಂಟೆಯ ಮೂರು ಶಿಫ್ಟ್ ಎಂದರೆ 36 ಗಂಟೆ, 13 ವಾರಕ್ಕೆ 468 ಗಂಟೆ. ರೋಗಿಗಳು ಕಡಿಮೆ ಇದ್ದ ದಿನ ಸಂಬಳವಿಲ್ಲದೆ ಶಿಫ್ಟ್ ರದ್ದು ಮಾಡುವ ಹಕ್ಕು, ಎರಡು ವಾರಕ್ಕೊಮ್ಮೆ, ಆಸ್ಪತ್ರೆಗೆ ಇದೆ ಎಂದು ಸಣ್ಣಕ್ಷರದಲ್ಲಿ ಬರೆದಿದ್ದರೆ ಆರು ಶಿಫ್ಟ್, ಅಂದರೆ 72 ಗಂಟೆ ಹೋಗಬಹುದು. ಒಟ್ಟು ಸಂಬಳದಲ್ಲಿ ನೂರಕ್ಕೆ 15 ಭಾಗ! ಗಂಟೆಯ ದರ ಹತ್ತು ಪ್ರತಿಶತ ಹೆಚ್ಚಿದೆಯೆಂದು ಖುಷಿಪಟ್ಟು ಇಂಥ ಒಪ್ಪಂದಕ್ಕೆ ಸಹಿ ಹಾಕಿದರೆ ಕೊನೆಗೆ ನಷ್ಟವೇ. ಎರಡು ಅವಕಾಶಗಳನ್ನು ಹೋಲಿಸುವಾಗ ಗಂಟೆಯ ದರ ನೋಡಬೇಡಿ. ರದ್ದಾಗಬಹುದಾದ ಶಿಫ್ಟ್ ಕಳೆದು, ಬಾಡಿಗೆ, ಪ್ರಯಾಣ, ನೋಂದಣಿ ಶುಲ್ಕ ಕಳೆದು, ಒಪ್ಪಂದ ಮುಗಿದ ದಿನ ಕೈಯಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದನ್ನೇ ಹೋಲಿಸಿ.

ಎರಡನೆಯದು ಫ್ಲೋಟಿಂಗ್. ನಿಮ್ಮನ್ನು ಬೇರೆ ವಾರ್ಡಿಗೆ ಕಳಿಸಬಹುದು ಎಂದಷ್ಟೇ ಇದ್ದರೆ ಒಪ್ಪಬೇಡಿ, ಯಾವ ಯಾವ ವಾರ್ಡು ಎಂದು ಹೆಸರು ಬರೆಸಿ. ವಯಸ್ಕರ ಐಸಿಯು ನರ್ಸ್‌ರನ್ನು ರಾತ್ರಿ ಎರಡು ಗಂಟೆಗೆ ನವಜಾತ ಶಿಶುಗಳ ವಾರ್ಡಿಗೆ ಕಳಿಸುವುದು ಅಸಾಧ್ಯವೇನಲ್ಲ.

ಉಳಿದ ಪ್ರಶ್ನೆಗಳನ್ನು ಈಮೇಲಿನಲ್ಲಿ ಕೇಳಿ ಉತ್ತರವನ್ನೂ ಈಮೇಲಿನಲ್ಲೇ ಪಡೆಯಿರಿ: ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು, ಪರಿಚಯದ ಶಿಫ್ಟ್‌ಗಳಿಗೆ ಸಂಬಳ ಇದೆಯೇ, ಓವರ್‌ಟೈಮ್ ಎಷ್ಟನೇ ಗಂಟೆಯಿಂದ, ಜ್ವರ ಬಂದು ರಜೆ ಹಾಕಿದರೆ ವಸತಿಯ ಹಣ ಕಡಿತವಾಗುತ್ತದೆಯೇ, ಆಸ್ಪತ್ರೆಯೇ ಒಪ್ಪಂದ ಮುರಿದರೆ ಎಷ್ಟು ದಿನದ ನೋಟಿಸ್, ನೀವು ಮುರಿದರೆ ಎಷ್ಟು ದಂಡ. ಕೊನೆಯ ಎರಡರಲ್ಲಿ ಅಜಗಜಾಂತರವಿದ್ದರೆ ಸರಿಪಡಿಸಲು ಕೇಳಿ. ಕೇಳಿದ ಮಾತ್ರಕ್ಕೆ ಯಾರೂ ಅವಕಾಶ ಕಿತ್ತುಕೊಳ್ಳುವುದಿಲ್ಲ, ಕಿತ್ತುಕೊಂಡರೆ ಅದು ನೀವು ಹೋಗಬಾರದಿದ್ದ ಜಾಗ.

ವೃತ್ತಿ ವಿಮೆಯಲ್ಲಿ ಎರಡು ಬಗೆ. ಘಟನೆ ನಡೆದ ದಿನ ಪಾಲಿಸಿ ಚಾಲ್ತಿಯಲ್ಲಿದ್ದರೆ ಸಾಕು, ದೂರು ಎಷ್ಟು ವರ್ಷದ ಮೇಲೆ ಬಂದರೂ ರಕ್ಷಣೆ ಸಿಗುತ್ತದೆ ಅನ್ನುವುದು ಒಂದು. ದೂರು ಬಂದ ದಿನವೂ ಪಾಲಿಸಿ ಚಾಲ್ತಿಯಲ್ಲಿರಬೇಕು ಅನ್ನುವುದು ಇನ್ನೊಂದು. ಊರು ಬದಲಿಸುವವರಿಗೆ ಮೊದಲನೆಯದೇ ಸರಿ. ಎರಡನೆಯ ಬಗೆಯದನ್ನು ಏಜೆನ್ಸಿ ಕೊಟ್ಟಿದ್ದರೆ, ನೀವು ಏಜೆನ್ಸಿ ಬಿಟ್ಟ ಮಾರನೆಯ ದಿನದಿಂದ ಹಳೆಯ ಘಟನೆಗಳಿಗೆ ರಕ್ಷಣೆಯೇ ಇಲ್ಲದಂತಾಗಬಹುದು.

ಹೆಜ್ಜೆ 3: ಮನೆ

ಫೋಟೋ ನೋಡಿ ಪೂರ್ತಿ ಅವಧಿಗೆ ಅಡ್ವಾನ್ಸ್ ಕೊಡಬೇಡಿ. ಮೊದಲ ಹತ್ತು ದಿನಕ್ಕೆ ಮಾತ್ರ ತಾತ್ಕಾಲಿಕವಾಗಿ ಎಲ್ಲಾದರೂ ಇಳಿದುಕೊಂಡು, ನಿಮ್ಮ ಶಿಫ್ಟ್ ಶುರುವಾಗುವ ಹೊತ್ತಿಗೇ ಮನೆಯಿಂದ ಆಸ್ಪತ್ರೆಗೆ ಒಮ್ಮೆ ಹೋಗಿ ನೋಡಿ. ಬಾಗಿಲಿಂದ ಬಾಗಿಲಿಗೆ ಅರ್ಧ ಗಂಟೆ ಮೀರಬಾರದು. 12 ಗಂಟೆಯ ಶಿಫ್ಟ್, ಮುಂದಿನ ಶಿಫ್ಟಿನವರಿಗೆ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್‌ಗೆ ಅರ್ಧ ಗಂಟೆ, ಎರಡೂ ಕಡೆ ಒಂದೊಂದು ಗಂಟೆ ಪ್ರಯಾಣ ಎಂದಾದರೆ ಊಟ, ಸ್ನಾನ, ನಿದ್ದೆಗೆ ಉಳಿಯುವುದು ಒಂಬತ್ತೂವರೆ ಗಂಟೆ. ಅದರಲ್ಲಿ ಏಳು ಗಂಟೆ ನಿದ್ದೆ ಯಾರಿಗೂ ಸಿಕ್ಕುವುದಿಲ್ಲ.

ಕೋಣೆಯನ್ನು ಬೆಳಗ್ಗೆ ಹತ್ತು ಗಂಟೆಗೆ ಹೋಗಿ ನೋಡಿ, ಸಂಜೆಯಲ್ಲ. ನೈಟ್ ಡ್ಯೂಟಿ ಮುಗಿಸಿ ನೀವು ಮಲಗುವ ಹೊತ್ತು ಅದು. ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ, ಪಕ್ಕದಲ್ಲಿ ಕಟ್ಟಡದ ಕೆಲಸವಿದೆಯೇ, ಮೇಲಿನ ಮನೆಯ ಹೆಜ್ಜೆ ಕೇಳುತ್ತದೆಯೇ, ಎಲ್ಲವೂ ಆಗಲೇ ಗೊತ್ತಾಗುವುದು.

ಹೆಜ್ಜೆ 4: ಮೊದಲ ಶಿಫ್ಟ್

ಅರ್ಧ ಗಂಟೆ ಮೊದಲೇ ಹೋಗಿ. ರೋಗಿಗಳ ಪಟ್ಟಿ ಕೈಗೆ ಬರುವ ಮೊದಲು ವಾರ್ಡನ್ನು ಒಂದು ಸುತ್ತು ಹಾಕಿ. ನೋಡಬೇಕಾದದ್ದು ಕ್ರಾಶ್ ಕಾರ್ಟ್ ಎಲ್ಲಿದೆ, ಅದರ ಡ್ರಾಯರ್‌ಗಳ ಜೋಡಣೆ ಹೇಗಿದೆ (ಸೀಲ್ ಒಡೆಯದೆ ಹೊರಗೆ ಅಂಟಿಸಿದ ಪಟ್ಟಿ ಓದಿ), ಡಿಫಿಬ್ರಿಲೇಟರ್ ಯಾವ ಮಾದರಿಯದು, ಅದರ ಆನ್ ಗುಂಡಿ ಎಲ್ಲಿದೆ, ಪ್ಯಾಡ್ ಎಲ್ಲಿದೆ, ಗಂಟಲಿನ ಕಫ ಎಳೆಯುವ ಸಕ್ಷನ್ ಯಂತ್ರ ಕೆಲಸ ಮಾಡುತ್ತಿದೆಯೇ, ಬೆಂಕಿ ಬಿದ್ದರೆ ಆಮ್ಲಜನಕದ ಕವಾಟ ಯಾವುದು, ಅದನ್ನು ಮುಚ್ಚುವ ಅಧಿಕಾರ ಯಾರದ್ದು. ತುರ್ತು ಕರೆಯ ಒಳಸಂಖ್ಯೆಯನ್ನು ಬ್ಯಾಡ್ಜಿನ ಹಿಂದೆ ಬರೆದು ಅಂಟಿಸಿಕೊಳ್ಳಿ. ರೋಗಿಯ ಹೃದಯ ನಿಂತಾಗ ನೆನಪು ನಿಮ್ಮ ಹಳೆಯ ಆಸ್ಪತ್ರೆಯ ಸಂಖ್ಯೆಯನ್ನೇ ಒತ್ತಿಸುತ್ತದೆ. ತುರ್ತಿನ ಬಣ್ಣದ ಕೋಡ್‌ಗಳೂ ಎಲ್ಲ ಕಡೆ ಒಂದೇ ಅಲ್ಲ.

ಯಾವುದು ಎಲ್ಲಿ ಹೋದರೂ ಬದಲಾಗದು, ಯಾವುದು ಬದಲಾಗುತ್ತದೆ ಅನ್ನುವುದನ್ನು ಬೇರ್ಪಡಿಸಿ ತಲೆಯಲ್ಲಿಟ್ಟುಕೊಂಡರೆ ಅರ್ಧ ಭಾರ ಇಳಿಯುತ್ತದೆ. ಐವಿ ಕ್ಯಾನುಲಾದ ಬಣ್ಣ ಬದಲಾಗದು: 18 ಗೇಜ್ ಹಸಿರು, 20 ಗುಲಾಬಿ, 22 ನೀಲಿ, ಇದು ಅಂತಾರಾಷ್ಟ್ರೀಯ ಮಾನಕ. ಆಮ್ಲಜನಕದ ಸಿಲಿಂಡರಿನ ಬಣ್ಣ ಬದಲಾಗುತ್ತದೆ: ಅಮೆರಿಕದಲ್ಲಿ ಹಸಿರು, ಭಾರತದಲ್ಲಿ ಕಪ್ಪು ಮೈ ಬಿಳಿ ಹೆಗಲು. ಸಿಲಿಂಡರನ್ನು ಬಣ್ಣ ನೋಡಿ ಎತ್ತಿಕೊಳ್ಳಬೇಡಿ, ಲೇಬಲ್ ಓದಿ. ಔಷಧದ ಹೆಸರು ಬದಲಾಗುತ್ತದೆ: ಪ್ಯಾರಾಸಿಟಮಾಲ್ ಕೆಲವು ಕಡೆ ಅಸಿಟಮಿನೊಫೆನ್, ಅಡ್ರಿನಲಿನ್ ಕೆಲವು ಕಡೆ ಎಪಿನೆಫ್ರಿನ್, ಸಾಲ್‌ಬ್ಯುಟಮಾಲ್ ಕೆಲವು ಕಡೆ ಆಲ್‌ಬ್ಯುಟೆರಾಲ್. ತಾರೀಕು ಬರೆಯುವ ಕ್ರಮವೂ ಬದಲಾಗುತ್ತದೆ, 03/04 ಎಂದರೆ ಒಂದು ಕಡೆ ಏಪ್ರಿಲ್ 3, ಇನ್ನೊಂದು ಕಡೆ ಮಾರ್ಚ್ 4. ಔಷಧದ ಅವಧಿ ನೋಡುವಾಗ ಇದು ನೆನಪಿರಲಿ. ನೀವು ಬರೆಯುವಾಗ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ.

ಅಳತೆಯ ಏಕಮಾನದಲ್ಲಿ ಹೆಚ್ಚು ಎಚ್ಚರ ಬೇಕು. ರಕ್ತದ ಸಕ್ಕರೆಯನ್ನು ಕೆಲವು ದೇಶಗಳು ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಅಳೆದರೆ ಕೆಲವು ಲೀಟರಿಗೆ ಮಿಲಿಮೋಲ್‌ನಲ್ಲಿ ಅಳೆಯುತ್ತವೆ. ಮಿಲಿಮೋಲನ್ನು 18ರಿಂದ ಗುಣಿಸಿದರೆ ಮಿಲಿಗ್ರಾಂ. ಮೀಟರ್ 18 ತೋರಿಸಿತು ಅಂದುಕೊಳ್ಳಿ. ಮಿಲಿಗ್ರಾಂಗೆ ಪಳಗಿದವರ ಎದೆ ಧಸಕ್ಕೆಂದು, ಕೈ ಗ್ಲೂಕೋಸ್‌ಗೆ ಹೋಗಿಬಿಡುತ್ತದೆ. ಆದರೆ ಆ ಮೀಟರಿನಲ್ಲಿ 18 ಎಂದರೆ 324 ಮಿಲಿಗ್ರಾಂ, ರೋಗಿಗೆ ಬೇಕಿರುವುದು ಇನ್ಸುಲಿನ್. ಕ್ರಿಯಾಟಿನಿನ್‌ನಲ್ಲೂ ಹೀಗೆಯೇ, ಡೆಸಿಲೀಟರಿಗೆ 1 ಮಿಲಿಗ್ರಾಂ ಎಂದರೆ ಲೀಟರಿಗೆ ಸುಮಾರು 88 ಮೈಕ್ರೋಮೋಲ್. ಪೊಟ್ಯಾಸಿಯಂ ಮಾತ್ರ ಎರಡು ಪದ್ಧತಿಯಲ್ಲೂ ಒಂದೇ ಅಂಕಿ.

ಇದೆಲ್ಲಕ್ಕಿಂತ ಮೇಲೆ, ಡ್ರಿಪ್ಪಿನಲ್ಲಿ ಔಷಧ ಕಲಸುವ ಪ್ರಮಾಣ. ಒಂದು ಐಸಿಯುನಲ್ಲಿ ರಕ್ತದೊತ್ತಡ ಏರಿಸುವ 4 ಮಿಲಿಗ್ರಾಂ ನಾರ್‌ಅಡ್ರಿನಲಿನ್‌ಅನ್ನು 250 ಮಿಲಿ ದ್ರಾವಣದಲ್ಲಿ ಕಲಸುತ್ತಾರೆ, ಪ್ರತಿ ಮಿಲಿಯಲ್ಲಿ 16 ಮೈಕ್ರೋಗ್ರಾಂ. ಇನ್ನೊಂದು ಐಸಿಯುನಲ್ಲಿ ಅದೇ 4 ಮಿಲಿಗ್ರಾಂಗೆ 50 ಮಿಲಿಯ ಸಿರಿಂಜ್, ಪ್ರತಿ ಮಿಲಿಯಲ್ಲಿ 80 ಮೈಕ್ರೋಗ್ರಾಂ. “ಗಂಟೆಗೆ 5 ಮಿಲಿ ಓಡ್ತಿದೆ” ಎಂದು ಹ್ಯಾಂಡೋವರ್‌ನಲ್ಲಿ ಕೇಳಿದರೆ ಮೊದಲ ಕಡೆ ರೋಗಿಗೆ ಹೋಗುತ್ತಿರುವುದು ಗಂಟೆಗೆ 80 ಮೈಕ್ರೋಗ್ರಾಂ, ಎರಡನೇ ಕಡೆ 400. ಐದು ಪಟ್ಟು! ಇದರ ಜೊತೆಗೆ ಆಂಪುಲ್ ಮೇಲಿನ ಅಂಕಿ ಬೇಸ್ (ಶುದ್ಧ ಔಷಧ) ಲೆಕ್ಕದ್ದೋ ಟಾರ್ಟ್ರೇಟ್ (ಅದರ ಲವಣ) ಲೆಕ್ಕದ್ದೋ ಎಂದು ನೋಡಬೇಕು, 2 ಮಿಲಿಗ್ರಾಂ ಟಾರ್ಟ್ರೇಟ್‌ನಲ್ಲಿ ಇರುವುದು 1 ಮಿಲಿಗ್ರಾಂ ಬೇಸ್. ಹಾಗಾಗಿ ಹೊಸ ಜಾಗದಲ್ಲಿ ಡ್ರಿಪ್ಪಿನ ವೇಗವನ್ನು ಮಿಲಿಯಲ್ಲಿ ಹೇಳಬೇಡಿ, ಕೇಳಲೂ ಬೇಡಿ. ನಿಮಿಷಕ್ಕೆ ಎಷ್ಟು ಮೈಕ್ರೋಗ್ರಾಂ ಎಂದು ಕೇಳಿ, ಲೇಬಲ್ ಓದಿ, ಪಂಪಿನ ಮುಂದೆ ನಿಂತು ನೀವೇ ಲೆಕ್ಕ ಹಾಕಿ. ಮೊದಲ ಎರಡು ವಾರ ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ, ರಕ್ತದೊತ್ತಡ ಏರಿಸುವ ಔಷಧ, ಈ ನಾಲ್ಕನ್ನು ಇನ್ನೊಬ್ಬ ನರ್ಸ್ ನೋಡಿ ತಾಳೆ ಹಾಕದೆ ಕೊಡಬೇಡಿ, ಆ ಆಸ್ಪತ್ರೆಯ ನಿಯಮ ಕೇಳಲಿ ಬಿಡಲಿ.

ಎನ್95 ಮಾಸ್ಕಿನ ಫಿಟ್ ಟೆಸ್ಟ್ (ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಎಂಬ ಪರೀಕ್ಷೆ) ಒಂದು ಮಾದರಿಗೆ ಮಾಡಿದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಹೊಸ ಆಸ್ಪತ್ರೆಯಲ್ಲಿ ಬೇರೆ ಮಾದರಿ ಇದ್ದರೆ, ಹಳೆಯ ಪ್ರಮಾಣಪತ್ರ ಕೈಯಲ್ಲಿದ್ದರೂ ಮತ್ತೆ ಟೆಸ್ಟ್ ಕೇಳಿ. ಕೆನ್ನೆಯ ಬದಿಯಿಂದ ಗಾಳಿ ಸೋರುತ್ತಿದ್ದರೆ ಅದು ಮಾಸ್ಕ್ ಹಾಕಿಕೊಂಡ ಸಮಾಧಾನವಷ್ಟೆ.

ಬಾರದ ಕೆಲಸವನ್ನು ಒಪ್ಪಿಸಿದರೆ? ಸುಮ್ಮನೆ “ಆಗಲ್ಲ” ಅಂದರೆ ಮೊದಲ ದಿನವೇ ಮನಸ್ತಾಪ, ಸುಮ್ಮನೆ ಒಪ್ಪಿಕೊಂಡರೆ ರೋಗಿಗೆ ಅಪಾಯ. ಇನ್‌ಚಾರ್ಜ್ ಹತ್ತಿರ ಹೋಗಿ ಹೀಗೆ ಹೇಳಿ: “ಸಿಸ್ಟರ್, ಡಯಾಲಿಸಿಸ್ ಯಂತ್ರದ ರೋಗಿಯನ್ನ ನಾನು ಒಬ್ಬಳೇ ನೋಡಿಕೊಂಡಿಲ್ಲ. ಪಕ್ಕದ ಇಬ್ಬರು ವೆಂಟಿಲೇಟರ್ ರೋಗಿಗಳನ್ನ ನಾನು ತಗೋತೀನಿ, ಇವರನ್ನ ಗೊತ್ತಿರೋರಿಗೆ ಕೊಡ್ತೀರಾ?” ಏನು ಬಾರದು, ಬದಲಿಗೆ ಏನು ಮಾಡಬಲ್ಲಿರಿ, ಎರಡೂ ಒಂದೇ ಉಸಿರಿಗೆ ಬಂದರೆ ಇನ್‌ಚಾರ್ಜ್‌ಗೆ ಪರಿಹಾರವೂ ಸಿಕ್ಕಿತು. ಆದರೂ ಒಪ್ಪದಿದ್ದರೆ ಮೇಲಿನ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಸಮಯ ಮತ್ತು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಒಮ್ಮೆ ರೋಗಿಯ ಜವಾಬ್ದಾರಿ ತೆಗೆದುಕೊಂಡ ಮೇಲೆ ಮಾತ್ರ, ಬೇರೆಯವರಿಗೆ ಒಪ್ಪಿಸದೆ ಬಿಟ್ಟು ಹೋಗುವಂತಿಲ್ಲ. ನೋಂದಣಿಯೇ ಹೋಗುವಷ್ಟು ದೊಡ್ಡ ತಪ್ಪು ಅದು.

ಹೆಜ್ಜೆ 5: ನೈಟ್ ಡ್ಯೂಟಿಯ ನಿದ್ದೆ

ಒಪ್ಪಂದದ ನರ್ಸ್‌ಗಳ ಪಾಲಿಗೆ ಬರುವುದು ಹೆಚ್ಚಾಗಿ ರಾತ್ರಿಗಳೇ. 17 ಗಂಟೆ ಸತತವಾಗಿ ಎಚ್ಚರವಿದ್ದವರ ಕೈಚಳಕ, ರಕ್ತದಲ್ಲಿ 0.05 ಪ್ರತಿಶತ ಆಲ್ಕೋಹಾಲ್ ಇದ್ದವರಷ್ಟಕ್ಕೆ ಇಳಿಯುತ್ತದೆಂದು 1997ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಬೆಳಗ್ಗೆ ಏಳಕ್ಕೆ ಎದ್ದು, ಹಗಲೆಲ್ಲ ಓಡಾಡಿ, ರಾತ್ರಿ ಡ್ಯೂಟಿಗೆ ಹೋದರೆ ನಡುರಾತ್ರಿಗೇ ಆ 17 ಗಂಟೆ ತುಂಬಿತು. ಆಮೇಲೆ ಇನ್ನೂ ಏಳು ಗಂಟೆಯ ಕೆಲಸವಿದೆ.

ಆದ್ದರಿಂದ ಮೊದಲ ರಾತ್ರಿಯ ದಿನ ಮಧ್ಯಾಹ್ನ ಒಂದೂವರೆ ಗಂಟೆ ಕಡ್ಡಾಯವಾಗಿ ಮಲಗಿ. ನಿದ್ದೆಯ ಒಂದು ಸುತ್ತು ಹೆಚ್ಚುಕಡಿಮೆ ಅಷ್ಟೇ ಹೊತ್ತಿನದಾದ್ದರಿಂದ ಎದ್ದಾಗ ಮಂಪರು ಕಡಿಮೆ. ಡ್ಯೂಟಿಯ ನಡುವೆ ವಿರಾಮ ಸಿಕ್ಕರೆ 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ, ಎದ್ದ ಮೇಲೆ 15 ನಿಮಿಷ ಕಳೆಯುವವರೆಗೆ ಔಷಧದ ಲೆಕ್ಕಕ್ಕೆ ಕೂರಬೇಡಿ. ಕೆಫೀನ್‌ನ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಬೆಳಗ್ಗೆ ಒಂಬತ್ತಕ್ಕೆ ಮಲಗುವವರು ರಾತ್ರಿ ಮೂರರ ನಂತರ ಕಾಫಿ, ಟೀ ಮುಟ್ಟಬಾರದು. ಅತಿ ಕಷ್ಟದ ಹೊತ್ತು ಮೂರರಿಂದ ಐದು, ಮೈಯ ಶಾಖ ಇಳಿದಿರುತ್ತದೆ, ಕಣ್ಣು ತಾನೇ ಮುಚ್ಚುತ್ತದೆ. ಆ ಎರಡು ಗಂಟೆಗೆ ನಡೆದಾಡಿ ಮಾಡುವ ಕೆಲಸ ಇಟ್ಟುಕೊಳ್ಳಿ, ಕೂತು ಬರೆಯುವುದನ್ನು ಮೊದಲೇ ಮುಗಿಸಿ.

ಮನೆಗೆ ಹೋಗುವ ದಾರಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಳ್ಳಿ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮೆದುಳು ಹಗಲಾಯಿತೆಂದು ತಿಳಿಯುತ್ತದೆ. ಗಾಡಿ ಓಡಿಸುವವರಾದರೆ ಕಣ್ಣು ತೂಗುತ್ತಿರುವಾಗ ಕನ್ನಡಕವೂ ಬೇಡ, ಗಾಡಿಯೂ ಬೇಡ. ಆಸ್ಪತ್ರೆಯಲ್ಲೇ ಇಪ್ಪತ್ತು ನಿಮಿಷ ಮಲಗಿ ಎದ್ದು ಹೋಗಿ, ಇಲ್ಲವೇ ಬೇರೆಯವರ ಗಾಡಿ ಹತ್ತಿ. ಕಿಟಕಿ ಇಳಿಸಿ ಗಾಳಿಗೆ ಮುಖವೊಡ್ಡುವುದು, ಹಾಡು ಜೋರು ಮಾಡುವುದು ನಿದ್ದೆಯನ್ನು ತಡೆಯುವುದಿಲ್ಲ.

ರಜೆಯ ದಿನ ಪೂರ್ತಿ ಹಗಲಿನವರಾಗಿ, ಡ್ಯೂಟಿಯ ದಿನ ಪೂರ್ತಿ ರಾತ್ರಿಯವರಾಗಿ ಇರಲು ಹೋದರೆ ಮೈ ಯಾವ ಕಡೆಗೂ ಹೊಂದಿಕೊಳ್ಳದು. ಬದಲಿಗೆ ಎರಡೂ ಬಗೆಯ ದಿನಗಳಲ್ಲಿ ಸಮಾನವಾಗಿ ನಿದ್ದೆಯಲ್ಲಿರುವ ನಾಲ್ಕು ಗಂಟೆ ಉಳಿಸಿಕೊಳ್ಳಿ. ಡ್ಯೂಟಿಯ ದಿನ ಬೆಳಗ್ಗೆ ಎಂಟರಿಂದ ಮೂರರವರೆಗೆ ಮಲಗುವವರು ರಜೆಯ ದಿನ ಬೆಳಗಿನ ನಾಲ್ಕರಿಂದ ಹನ್ನೆರಡರವರೆಗೆ ಮಲಗಿದರೆ, ಎಂಟರಿಂದ ಹನ್ನೆರಡರ ನಿದ್ದೆ ಎಂದೂ ತಪ್ಪಲಿಲ್ಲ. ಮನೆಯಲ್ಲಿ ಮಕ್ಕಳಿದ್ದವರಿಗೆ ಇದು ಕಷ್ಟ. ಅಂಥವರು ಸಾಲಾಗಿ ಮೂರು ರಾತ್ರಿ ಹಾಕಿಸಿಕೊಂಡು, ಕೊನೆಯ ಬೆಳಗ್ಗೆ ಎರಡು ಗಂಟೆ ಮಾತ್ರ ಮಲಗಿ ಎದ್ದು, ಅಂದು ರಾತ್ರಿ ಎಲ್ಲರ ಜೊತೆ ಮಲಗುವುದು ಒಳ್ಳೆಯದು. ಒಂದು ರಾತ್ರಿ, ಒಂದು ಹಗಲು, ಮತ್ತೆ ಒಂದು ರಾತ್ರಿ ಎಂಬ ರೋಸ್ಟರನ್ನು ಮಾತ್ರ ಯಾರೂ ಒಪ್ಪಬೇಡಿ.

ಹೆಜ್ಜೆ 6: ಸೂಜಿ ಚುಚ್ಚಿಕೊಂಡರೆ

ಹೊಸ ಜಾಗದಲ್ಲಿ ಕತ್ತಲಲ್ಲಿ ತಡಕಾಡುವುದು ಹೆಚ್ಚು, ಹಾಗೇ ಈ ಅಪಾಯವೂ. ಚುಚ್ಚಿದ ಜಾಗವನ್ನು ಸೋಪು ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬ್ಲೀಚ್ ಹಾಕಬೇಡಿ. ಕಣ್ಣಿಗೆ ರಕ್ತ ಸಿಡಿದಿದ್ದರೆ ಶುದ್ಧ ನೀರು ಅಥವಾ ಸಲೈನ್‌ನಿಂದ ಚೆನ್ನಾಗಿ ತೊಳೆಯಿರಿ. ರೋಗಿಯ ಹೆಸರು ಮತ್ತು ಸಮಯ ಬರೆದುಕೊಂಡು ತಕ್ಷಣ ವರದಿ ಮಾಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಗಂಟೆಗಳೊಳಗೆ ಶುರುವಾಗಬೇಕು, 72 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಕೋರ್ಸ್ 28 ದಿನ.

ಇಲ್ಲಿ ಒಪ್ಪಂದದ ನರ್ಸ್ ಸಿಕ್ಕಿಬೀಳುವುದು ಬೇರೆ ಕಡೆ. “ನೀವು ಏಜೆನ್ಸಿಯವರು, ಅಲ್ಲಿ ಹೋಗಿ” ಎಂದು ಆಸ್ಪತ್ರೆ, “ಘಟನೆ ನಡೆದದ್ದು ಆಸ್ಪತ್ರೆಯಲ್ಲಿ, ಅವರೇ ನೋಡಬೇಕು” ಎಂದು ಏಜೆನ್ಸಿ, ನಡುವೆ ಗಂಟೆಗಳು ಜಾರುತ್ತವೆ. ರಾತ್ರಿ ಮೂರು ಗಂಟೆಗೆ ಚುಚ್ಚಿಕೊಂಡರೆ ಎಲ್ಲಿಗೆ ಹೋಗಬೇಕು, ಮಾತ್ರೆ ಎಲ್ಲಿ ಸಿಗುತ್ತದೆ, ಖರ್ಚು ಯಾರದ್ದು ಅನ್ನುವ ಮೂರು ಉತ್ತರಗಳನ್ನು ಮೊದಲ ವಾರದಲ್ಲೇ ಬರಹದಲ್ಲಿ ಪಡೆದಿರಿ. ಜಗಳ ಆಮೇಲೆ ಆಡಬಹುದು, ಮೊದಲು ತುರ್ತು ವಿಭಾಗಕ್ಕೆ ಹೋಗಿ ಮಾತ್ರೆ ನುಂಗಿ.

ಹೆಜ್ಜೆ 7: ವಾರ್ಡಿನವರ ಜೊತೆ

ಅಲ್ಲಿನ ಕಾಯಂ ನರ್ಸ್‌ಗಳಿಗೆ ನಿಮ್ಮ ಸಂಬಳ ತಮಗಿಂತ ಹೆಚ್ಚೆಂದು ಗೊತ್ತಿರುತ್ತದೆ. ಸಂಬಳದ ಮಾತು ವಾರ್ಡಿನಲ್ಲಿ ಎತ್ತಲೇಬೇಡಿ. “ನಮ್ಮಲ್ಲಿ ಹೀಗೆ ಮಾಡ್ತಿದ್ವಿ” ಅನ್ನುವ ವಾಕ್ಯವನ್ನು ಮೊದಲ ತಿಂಗಳು ಬಾಯಿಂದ ಬಿಡಬೇಡಿ, ರೋಗಿಗೆ ಅಪಾಯವಾಗುವ ವಿಷಯ ಕಂಡರೆ ಮಾತ್ರ ನೇರವಾಗಿ ಹೇಳಿ. ಮೊದಲ ವಾರ ಪಕ್ಕದವರ ರೋಗಿಯನ್ನು ಹಾಸಿಗೆಯಲ್ಲಿ ಹೊರಳಿಸಲು ಕೇಳದೆಯೇ ಕೈಕೊಡುವವರಿಗೆ, ಎರಡನೇ ವಾರ ಕೇಳದೆಯೇ ಸಹಾಯ ಬರುತ್ತದೆ. ಹೆಚ್ಚು ಆರೈಕೆ ಬೇಕಾದ ರೋಗಿಗಳನ್ನು ಪ್ರತಿಸಲ ನಿಮಗೇ ಹಾಕುತ್ತಿದ್ದಾರೆ ಅನಿಸಿದರೆ ಎರಡು ವಾರದ ಹಂಚಿಕೆಯನ್ನು ಬರೆದಿಟ್ಟು, ಇನ್‌ಚಾರ್ಜ್ ಒಬ್ಬರೇ ಇದ್ದಾಗ ತೋರಿಸಿ ಕೇಳಿ.

ಒಂಟಿತನ ಬರುತ್ತದೆ, ಮೂರನೇ ವಾರದ ಹೊತ್ತಿಗೆ, ಹೊಸತನ ಕಳೆದ ಮೇಲೆ. ಮನೆಯವರಿಗೆ ನಿಮ್ಮ ರೋಸ್ಟರ್ ಕಳಿಸಿ, ಯಾವ ಹೊತ್ತಿಗೆ ಫೋನ್ ಮಾಡಬಹುದೆಂದು ಅದರಲ್ಲೇ ಗುರುತು ಹಾಕಿ. ನಿದ್ದೆಯ ಹೊತ್ತಿನ ಫೋನಿಗೆ ಸಿಡುಕಿ, ಆಮೇಲೆ ನೊಂದುಕೊಳ್ಳುವುದು ಇದರಿಂದ ತಪ್ಪುತ್ತದೆ.

ಹೆಜ್ಜೆ 8: ದುಡ್ಡು

ವರ್ಷಕ್ಕೆ 52 ವಾರ ಸಂಬಳ ಬರುವುದಿಲ್ಲ. ಎರಡು ಒಪ್ಪಂದಗಳ ನಡುವೆ ಎರಡು ವಾರ ಖಾಲಿ, ಒಂದಿಷ್ಟು ರದ್ದಾದ ಶಿಫ್ಟ್ ಎಂದು 44 ವಾರಕ್ಕೆ ಲೆಕ್ಕ ಹಾಕಿ. ಮೂರು ತಿಂಗಳ ಖರ್ಚಿನಷ್ಟು ಹಣ ಬೇರೆ ಖಾತೆಯಲ್ಲಿರಲಿ, ಅದರ ಮೇಲೆ ಊರಿಗೆ ಮರಳುವ ಟಿಕೆಟ್ಟಿನ ಹಣ ಪ್ರತ್ಯೇಕ. ಒಪ್ಪಂದ ಮಧ್ಯದಲ್ಲಿ ಮುರಿದರೂ ಯಾರ ಮುಂದೂ ಕೈಚಾಚದೆ ಹೊರಡುವ ಧೈರ್ಯ ಅದರಿಂದ ಬರುತ್ತದೆ. ಬೇರೆ ದೇಶದಲ್ಲಿದ್ದರೆ ತೆರಿಗೆಗೆ ದಿನಗಳ ಲೆಕ್ಕ ಇಡಿ. ಎಷ್ಟು ದಿನ ಅಲ್ಲಿದ್ದಿರಿ ಅನ್ನುವುದರ ಮೇಲೆ, ಹಲವು ದೇಶಗಳಲ್ಲಿ 183 ದಿನ, ನೀವು ಅಲ್ಲಿನ ತೆರಿಗೆ ನಿವಾಸಿಯೋ ಅಲ್ಲವೋ ತೀರ್ಮಾನವಾಗುತ್ತದೆ. ವಾರದ ಗಂಟೆಗಳನ್ನು ನೀವೂ ಬರೆದಿಟ್ಟುಕೊಂಡು ಪ್ರತಿ ಸಂಬಳದ ಚೀಟಿಯ ಜೊತೆ ತಾಳೆ ನೋಡಿ. ತಪ್ಪು ಕಂಡರೆ ಅದೇ ವಾರ ಹೇಳಿ, ಮೂರು ತಿಂಗಳ ಮೇಲೆ ಹೇಳಿದರೆ ದಾಖಲೆ ಹುಡುಕುವವರಿರುವುದಿಲ್ಲ.

ಹೆಜ್ಜೆ 9: ಕೊನೆಯ ಒಂದು ತಿಂಗಳು

ಮುಂದುವರಿಸುವುದಿದ್ದರೆ ಒಪ್ಪಂದ ಮುಗಿಯಲು ನಾಲ್ಕು ವಾರ ಇರುವಾಗಲೇ ಮಾತು ತೆಗೆಯಿರಿ. ದರ ಹೆಚ್ಚಿಸಲು ಅದೇ ಸರಿಯಾದ ಹೊತ್ತು. ಹೊಸಬರನ್ನು ತಂದು ಪರಿಚಯ ಮಾಡಿಸುವುದಕ್ಕಿಂತ ನಿಮ್ಮನ್ನು ಉಳಿಸಿಕೊಳ್ಳುವುದು ಆಸ್ಪತ್ರೆಗೆ ಅಗ್ಗ. ಹೊರಡುವುದಿದ್ದರೆ, ನಿಮ್ಮ ಕೆಲಸ ಕಣ್ಣಾರೆ ನೋಡಿದ ಇನ್‌ಚಾರ್ಜ್‌ರಿಂದ ಎರಡು ವಾರ ಮೊದಲೇ ಶಿಫಾರಸು ಪತ್ರ ಕೇಳಿ. ಕೊನೆಯ ದಿನ ಕೇಳಿದರೆ ಅವರು ರಜೆಯಲ್ಲಿರುತ್ತಾರೆ, ಆಮೇಲೆ ಅವರೂ ಬೇರೆ ಕಡೆ ಹೋಗಿರುತ್ತಾರೆ.

ಒಪ್ಪಂದದ ಉದ್ದಕ್ಕೂ ಒಂದು ಚಿಕ್ಕ ಪುಸ್ತಕದಲ್ಲಿ ಮಾಡಿದ ಕೆಲಸದ ಲೆಕ್ಕ ಇಟ್ಟಿರಬೇಕು: ಯಾವ ಮಾದರಿಯ ವೆಂಟಿಲೇಟರ್, ಯಾವ ಪಂಪ್, ಎಷ್ಟು ಸೆಂಟ್ರಲ್ ಲೈನ್ ಆರೈಕೆ, ಎಷ್ಟು ಸಲ ಇನ್‌ಚಾರ್ಜ್ ಆಗಿದ್ದಿರಿ. ರೋಗಿಯ ಹೆಸರು, ಹಾಸಿಗೆ ಸಂಖ್ಯೆ ಅದರಲ್ಲಿ ಬರಕೂಡದು. ಮುಂದಿನ ಸಂದರ್ಶನದಲ್ಲಿ “ಐಸಿಯು ಅನುಭವ ಇದೆ” ಎಂದು ಹೇಳುವವರಿಗಿಂತ ಈ ಪುಸ್ತಕ ನೋಡಿ ಹೇಳುವವರಿಗೆ ಮೊದಲು ಕರೆ ಬರುತ್ತದೆ.

ಕೊನೆಯ ಶಿಫ್ಟ್ ಮುಗಿದ ಮೇಲೆ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟಿನಲ್ಲಿ ವಿಭಾಗದ ಹೆಸರು, ಸೇರಿದ ಮತ್ತು ಬಿಟ್ಟ ತಾರೀಕು, ವಾರದ ಗಂಟೆ, ಮೂರೂ ಇವೆಯೇ ಎಂದು ಕೌಂಟರಿನಲ್ಲೇ ನಿಂತು ಓದಿ. ಗಂಟೆ ಬರೆಯದ ಪ್ರಮಾಣಪತ್ರವನ್ನು ಹಲವು ಕೌನ್ಸಿಲ್‌ಗಳು ಹಿಂದಕ್ಕೆ ಕಳಿಸುತ್ತವೆ. ಗುರುತಿನ ಚೀಟಿ ಮತ್ತು ಲಾಕರ್ ಕೀಲಿ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ಯೂನಿಫಾರ್ಮಿನ ಜೇಬುಗಳನ್ನು ಒಮ್ಮೆ ತಡವಿ ನೋಡಿ, ಹ್ಯಾಂಡೋವರ್ ಚೀಟಿ ಉಳಿದಿದ್ದರೆ ಅಲ್ಲೇ ಶ್ರೆಡರ್‌ಗೆ ಹಾಕಿ. ಬ್ಯಾಡ್ಜಿನ ಹಿಂದೆ ಅಂಟಿಸಿಕೊಂಡಿದ್ದ ತುರ್ತು ಸಂಖ್ಯೆಯ ಚೀಟಿಯನ್ನೂ ಕಿತ್ತು ಅದರ ಜೊತೆಗೇ ಹಾಕಿಬಿಡಿ.